ಕಲ್ಲುಹೂವು: ಚಳಿನಾಡಿನವರ ಅನ್ನ, ಔಷಧ

ನಮ್ಮ ಮಸಾಲೆ ಡಬ್ಬಿಯಲ್ಲಿ ಕಲ್ಲುಹೂವು ಇದ್ದೇ ಇರುತ್ತದೆ. ಮರಾಠಿ ನೆರೆಯವರು ಇದನ್ನೇ ದಗಡಫೂಲ ಎನ್ನುತ್ತಾರೆ. ಮೊನ್ನೆ ಪಾಠದ ನಡುವೆ ಒಬ್ಬ ಹುಡುಗನು, “ಗುರುಗಳೇ, ಇದನ್ನೇ ಉಂಡು ಬದುಕಬಹುದೇ?” ಎಂದು ಕೇಳಿದನು. ಕಲ್ಲುಹೂವಿನ ಬೇರೆ ಜಾತಿಗಳನ್ನು ಉಂಡು ಬರಗಾಲ ಕಳೆದವರಿದ್ದಾರೆ. ಆ ಸಂಗತಿ ರೈತ ಬಾಂಧವರಿಗೂ ತಿಳಿದಿರಲಿ.

ಕಲ್ಲುಹೂವು ಹೂವಲ್ಲ, ಎರಡು ಜೀವಗಳ ಕೂಡುಬಾಳ್ವೆ. ಬೂಷ್ಟಿನ ಜಾತಿಯದೊಂದು ಮನೆ ಕಟ್ಟಿ ನೀರನ್ನು ಹಿಡಿದಿಡುತ್ತದೆ. ಒಳಗಿರುವ ಹಸಿರು ಪಾಚಿಯು ಬಿಸಿಲಿನ ಬಲದಿಂದ ಆಹಾರ ತಯಾರಿಸುತ್ತದೆ. ಇದಕ್ಕೆ ಮಣ್ಣು ಬೇಡ. ಆದುದರಿಂದಲೇ ಪೈರು ಬಾರದ ಉತ್ತರದ ಚಳಿನಾಡುಗಳಲ್ಲಿಯೂ ಇದು ಹೇರಳವಾಗಿದೆ.

ಐಸ್‌ಲೆಂಡಿನಲ್ಲಿ ಧಾನ್ಯ ಕಡಿಮೆ. ಅಲ್ಲಿಯವರು ‘ಐಸ್‌ಲೆಂಡ್ ಪಾಚಿ’ ಎಂದು ಹೆಸರಾದ ಕಲ್ಲುಹೂವನ್ನು ಬೆಟ್ಟದಿಂದ ತಂದು, ಹೆಚ್ಚಿ, ಹಿಟ್ಟಿಗೆ ಬೆರೆಸುತ್ತಿದ್ದರು. ಹಾಲಿನಲ್ಲಿ ಗಂಜಿ ಕಾಯಿಸುತ್ತಿದ್ದರು. ಇನ್ನೊಬ್ಬರ ನೆಲದಲ್ಲಿ ಅಪ್ಪಣೆಯಿಲ್ಲದೆ ಇದನ್ನು ಕೀಳಬಾರದೆಂದು 1281ರ ಕಾನೂನಿನಲ್ಲಿಯೇ ಇತ್ತು. ಇದು ಬಲು ಕಹಿ. ಕಹಿ ತೆಗೆಯಲು ನೀರಿನಲ್ಲಿ, ಇಲ್ಲವೆ ಬೂದಿ ಬೆರೆಸಿದ ನೀರಿನಲ್ಲಿ ನೆನೆಹಾಕಿ ತೊಳೆಯಬೇಕು. ಆಮೇಲೆ ಕುದಿಸಿದರೆ ಲೋಳೆ ಬಿಡುತ್ತದೆ. ಆ ಲೋಳೆ ಗಂಟಲಿಗೆ ಹಿತ. ಇಂದಿಗೂ ಯುರೋಪಿನಲ್ಲಿ ಕೆಮ್ಮಿಗೆ ಚೀಪುವ ಮಾತ್ರೆಗಳನ್ನು ಇದರಿಂದ ಮಾಡುತ್ತಾರೆ.

ಫಿನ್‌ಲೆಂಡಿನ ಕಥೆ ಬೇರೆ. 1866–68ರ ಘೋರ ಕ್ಷಾಮದಲ್ಲಿ ಅಲ್ಲಿಯ ಜನಸಂಖ್ಯೆಯ ಶೇಕಡಾ 8ರಷ್ಟು ಮಂದಿ ಸತ್ತರು. ಕಲ್ಲುಹೂವಿನ ರೊಟ್ಟಿ ಮಾಡಿರೆಂದು ಅಧಿಕಾರಿಗಳು ಸಾರಿದರು. ಆದರೆ ಹೆಚ್ಚಿನವರು ರೂಢಿಯಿದ್ದ ಪೈನ್ ಮರದ ತೊಗಟೆಯ ರೊಟ್ಟಿಯನ್ನೇ ತಿಂದರು. ಹಸಿದ ಹೊತ್ತಿನಲ್ಲಿ ಹೊಸ ಅಡುಗೆ ಕಲಿಯುವುದು ಸುಲಭವಲ್ಲ.

ಎಲ್ಲ ಕಲ್ಲುಹೂವೂ ಆಹಾರವಲ್ಲ. ಹಳದಿ ಬಣ್ಣದ ಒಂದು ಜಾತಿಯನ್ನು ಮಾಂಸದಲ್ಲಿಟ್ಟು ತೋಳಗಳನ್ನು ಕೊಲ್ಲುತ್ತಿದ್ದರು. ಇನ್ನು ಕೆಲವು ಜಾತಿಗಳಲ್ಲಿರುವ ಉಸ್ನಿಕ್ ಆಮ್ಲವನ್ನು ಮೈ ಕರಗಿಸುವ ಮಾತ್ರೆಯೆಂದು ನುಂಗಿದವರ ಯಕೃತ್ತು ಕೆಟ್ಟದ್ದುಂಟು. ಗಾಳಿಯಲ್ಲಿರುವ ವಿಷವನ್ನೂ ಇದು ಹೀರಿಕೊಳ್ಳುತ್ತದೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದ ಮೇಲೆ ನಾರ್ವೆ, ಸ್ವೀಡನ್‌ಗಳಲ್ಲಿ ಇದನ್ನು ಮೇಯ್ದ ಹಿಮಸಾರಂಗಗಳ ಮಾಂಸವನ್ನು ರಾಶಿರಾಶಿಯಾಗಿ ಎಸೆಯಬೇಕಾಯಿತು. ಹಿಮಸಾರಂಗ ಮೇಯುವ ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತದೆ; ಬೋಳಾದ ಹುಲ್ಲುಗಾವಲಿನಂತೆ ಮರುಮಳೆಗೆ ಚಿಗುರುವುದಿಲ್ಲ.

ಆದುದರಿಂದ ಮರದ ಮೇಲೆ, ಬಂಡೆಯ ಮೇಲೆ ಕಂಡುದನ್ನೆಲ್ಲ ಕಿತ್ತು ಅಡುಗೆಗೆ ಹಾಕಬೇಡಿರಿ. ಅಂಗಡಿಯ ಕಲ್ಲುಹೂವು ಒಗ್ಗರಣೆಗೆ ಚಿಟಿಕೆಯಷ್ಟು ಸಾಕು. ನಮ್ಮ ಸೀಮೆಗೂ ಬರ ಹೊಸದಲ್ಲ. ಯಾವ ಸೊಪ್ಪನ್ನು ಎಷ್ಟು ಸಲ ಬೇಯಿಸಿ ಬಸಿಯಬೇಕು, ಯಾವ ಗೆಡ್ಡೆಯನ್ನು ಮುಟ್ಟಬಾರದು ಎಂಬುದು ಮನೆಯ ಅಜ್ಜಿಯರಿಗೆ ಗೊತ್ತು. ಕಣಜ ತುಂಬಿರುವಾಗಲೇ ಅವರನ್ನು ಕೇಳಿ ಬರೆದಿಡಿರಿ.