ಇನ್ವರ್ಟರಿಗೂ ಬ್ಯಾಟರಿಗೂ ಮಾತು ನಿಂತಾಗ

ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆದು, ಹಗಲಿನಲ್ಲಿ ಶೇಖರಿಸಿ, ರಾತ್ರಿ ಬಳಸುವ ಏರ್ಪಾಡು ಈಗ ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ಇದರಲ್ಲಿ ಮುಖ್ಯವಾದ ಅಂಗಗಳು ಮೂರು. ಛಾವಣಿಯ ಮೇಲಿನ ಫಲಕಗಳು ಬೆಳಕನ್ನು ಏಕಮುಖ ವಿದ್ಯುತ್ಪ್ರವಾಹವನ್ನಾಗಿ ಮಾರ್ಪಡಿಸುತ್ತವೆ. ಬ್ಯಾಟರಿಗಳು ಶಕ್ತಿಯನ್ನು ಕೂಡಿಡುತ್ತವೆ. ಇನ್ವರ್ಟರು ಅದನ್ನು ನಮ್ಮ ದೀಪ, ಫ್ಯಾನುಗಳಿಗೆ ಒಗ್ಗುವ 230 ವೋಲ್ಟುಗಳ ಪರ್ಯಾಯ ಪ್ರವಾಹವನ್ನಾಗಿ ಬದಲಾಯಿಸುತ್ತದೆ. ಫಲಕಗಳು ಸರಿಯಾಗಿವೆ, ಬ್ಯಾಟರಿ ತುಂಬಿದೆ, ಇನ್ವರ್ಟರಿನಲ್ಲಿಯೂ ದೋಷವಿಲ್ಲ. ಆದರೂ ಸಂಜೆ ಮನೆ ಕತ್ತಲಾಗುವುದುಂಟು. ಕಾರಣವನ್ನು ಹುಡುಕಿದರೆ, ಬ್ಯಾಟರಿಗೂ ಇನ್ವರ್ಟರಿಗೂ ನಡೆಯಬೇಕಾದ ಸಂದೇಶ ವಿನಿಮಯವು ನಿಂತುಹೋಗಿರುತ್ತದೆ. ಈ ಮಾತುಕತೆ ಏಕೆ ಬೇಕು, ಅದು ಹೇಗೆ ನಡೆಯುತ್ತದೆ, ನಿಂತಾಗ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಸೀಸ ಮತ್ತು ಆಮ್ಲದ ಬ್ಯಾಟರಿಗಳಿಗೆ ಇಂಥ ಮಾತಿನ ಅಗತ್ಯವಿಲ್ಲ. ವೋಲ್ಟೇಜನ್ನು ಅಳೆದರೆ ಬ್ಯಾಟರಿ ಎಷ್ಟು ತುಂಬಿದೆಯೆಂದು ಸುಮಾರಾಗಿ ಊಹಿಸಬಹುದು. ತುಸು ಹೆಚ್ಚಾಗಿ ತುಂಬಿಸಿದರೆ ನೀರು ವಿಭಜನೆಗೊಂಡು ಅನಿಲವಾಗಿ ಹೊರಬರುತ್ತದೆ. ಬಟ್ಟಿಯಿಳಿಸಿದ ನೀರನ್ನು ಸುರಿದು ಆ ನಷ್ಟವನ್ನು ತುಂಬಬಹುದು. ಈಗ ಮನೆಗಳಿಗೆ ಹೆಚ್ಚಾಗಿ ಬರುತ್ತಿರುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯ ಸ್ವಭಾವ ಬೇರೆ. ಈ ವಸ್ತುವಿನ ಉಪಯುಕ್ತತೆಯನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದ್ದ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ಇದರ ಒಂದು ಕೋಶದ ವೋಲ್ಟೇಜು ಸುಮಾರು 3.2. ಅದು 3.65ನ್ನು ಮೀರಬಾರದು, 2.5ಕ್ಕಿಂತ ಕೆಳಗೆ ಇಳಿಯಲೂಬಾರದು. ಇಂಥ 16 ಕೋಶಗಳನ್ನು ಸರಣಿಯಲ್ಲಿ ಜೋಡಿಸಿದಾಗ 51.2 ವೋಲ್ಟುಗಳ ಒಂದು ಬ್ಯಾಟರಿಯಾಗುತ್ತದೆ.

ಇಲ್ಲಿ ಎರಡು ತೊಡಕುಗಳಿವೆ. ಬ್ಯಾಟರಿ ಮೂರರಲ್ಲೊಂದು ಭಾಗ ತುಂಬಿದ್ದರೂ ಮೂರರಲ್ಲೆರಡು ಭಾಗ ತುಂಬಿದ್ದರೂ ಅದರ ವೋಲ್ಟೇಜು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಆದುದರಿಂದ ಹೊರಗಿನಿಂದ ಅಳೆದು ಒಳಗಿನ ಸಂಗ್ರಹವನ್ನು ತಿಳಿಯಲಾಗದು. ಎರಡನೆಯದಾಗಿ, ಮೊತ್ತವು ಬಿಡಿಯನ್ನು ಮರೆಮಾಡುತ್ತದೆ. ಬ್ಯಾಟರಿಯ ಒಟ್ಟು ವೋಲ್ಟೇಜು 56 ಇದ್ದರೆ ಒಂದೊಂದು ಕೋಶಕ್ಕೆ ಸರಾಸರಿ 3.5 ವೋಲ್ಟು ಬಂದಿತು, ಎಲ್ಲವೂ ಕ್ಷೇಮವೆಂದು ನಾವು ಭಾವಿಸುತ್ತೇವೆ. ಆದರೆ ಅವುಗಳಲ್ಲಿ ಯಾವುದೋ ಒಂದು ಕೋಶ 3.7ಕ್ಕೆ ಏರಿರಬಹುದು. ಇನ್ವರ್ಟರಿಗೆ ಕಾಣುವುದು ಮೊತ್ತ ಮಾತ್ರ.

ಈ ಕಾರಣದಿಂದ ಪ್ರತಿಯೊಂದು ಬ್ಯಾಟರಿಯ ಒಳಗೂ ಒಬ್ಬ ಮೇಲ್ವಿಚಾರಕನನ್ನು ಇರಿಸಿದ್ದಾರೆ. ಇದು ಕೋಶಗಳ ವೋಲ್ಟೇಜು, ಉಷ್ಣತೆ ಮತ್ತು ಪ್ರವಾಹಗಳನ್ನು ಎಡೆಬಿಡದೆ ಗಮನಿಸುವ ಒಂದು ವಿದ್ಯುನ್ಮಂಡಲ. ಇದು ಇನ್ವರ್ಟರಿಗೆ ಮುಖ್ಯವಾಗಿ ಮೂರು ಅಂಕಿಗಳನ್ನು ಕಳುಹಿಸುತ್ತಿರುತ್ತದೆ: ಎಷ್ಟು ವೋಲ್ಟೇಜಿನವರೆಗೆ ತುಂಬಬಹುದು, ಎಷ್ಟು ಆಂಪಿಯರುಗಳಿಂದ ತುಂಬಬಹುದು, ಎಷ್ಟು ಆಂಪಿಯರುಗಳನ್ನು ಹೊರತೆಗೆಯಬಹುದು. ಅದರೊಡನೆ ಸಂಗ್ರಹದ ಶೇಕಡ ಪ್ರಮಾಣವನ್ನೂ ಎಚ್ಚರಿಕೆಗಳನ್ನೂ ತಿಳಿಸುತ್ತದೆ. ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ತುಂಬುವ ಪ್ರವಾಹವನ್ನು ಸೊನ್ನೆಯೆಂದು ಸಾರುತ್ತದೆ; ಏಕೆಂದರೆ ಆ ಚಳಿಯಲ್ಲಿ ತುಂಬಿದರೆ ಲಿಥಿಯಂ ಲೋಹವು ಕೋಶದೊಳಗೆ ಪದರುಗಟ್ಟಿ ಕೋಶವನ್ನು ಕೆಡಿಸುತ್ತದೆ. ಈ ಸಂದೇಶಗಳು ಬಾರದೆ ಹೋದರೆ ಅನೇಕ ಇನ್ವರ್ಟರುಗಳು ಸ್ವಲ್ಪ ಹೊತ್ತು ಕಾದು, ಬ್ಯಾಟರಿಯನ್ನು ತುಂಬುವುದನ್ನೂ ಬಳಸುವುದನ್ನೂ ನಿಲ್ಲಿಸಿಬಿಡುತ್ತವೆ. ಆಗ ಬರುವ ಕತ್ತಲೆ ಒಂದು ರಕ್ಷಣೆಯ ಕ್ರಮವೇ ಹೊರತು ಯಂತ್ರದ ಹಟವಲ್ಲ.

ಮಾತು ನಡೆಯುವ ದಾರಿ ಬಹುಮಟ್ಟಿಗೆ 'ಕ್ಯಾನ್' ಎಂಬ ಪದ್ಧತಿ. ಇದನ್ನು ಮೋಟಾರು ವಾಹನಗಳಿಗಾಗಿ ಜರ್ಮನಿಯ ಬಾಷ್ ಸಂಸ್ಥೆಯವರು ರೂಪಿಸಿ 1986ರಲ್ಲಿ ಹೊರತಂದರು. ಇದರಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎರಡು ತಂತಿಗಳಿವೆ. ಒಂದನ್ನು ಮೇಲಿನ ತಂತಿ, ಇನ್ನೊಂದನ್ನು ಕೆಳಗಿನ ತಂತಿ ಎನ್ನೋಣ. ಮೌನದಲ್ಲಿ ಎರಡೂ ಸುಮಾರು 2.5 ವೋಲ್ಟಿನಲ್ಲಿರುತ್ತವೆ. ಸಂಕೇತ ಹೊರಟಾಗ ಮೇಲಿನದು 3.5ಕ್ಕೆ ಏರುತ್ತದೆ, ಕೆಳಗಿನದು 1.5ಕ್ಕೆ ಇಳಿಯುತ್ತದೆ. ಕೇಳುವವನು ಇವೆರಡರ ಅಂತರವನ್ನು ಮಾತ್ರ ಗಮನಿಸುತ್ತಾನೆ. ಹೊರಗಿನ ಗದ್ದಲವು ಹೆಣೆದ ತಂತಿಗಳೆರಡನ್ನೂ ಸಮನಾಗಿ ತಾಕುವುದರಿಂದ ಅಂತರವು ಕೆಡುವುದಿಲ್ಲ. ಕಲ್ಯಾಣಿಯ ನೀರಿನಲ್ಲಿ ಎದ್ದ ಅಲೆ ಕಲ್ಲಿನ ಗೋಡೆಗೆ ಬಡಿದು ಹಿಂದಿರುಗುವಂತೆ, ಸಂಕೇತವೂ ತಂತಿಯ ತುದಿಯನ್ನು ಮುಟ್ಟಿ ಹಿಂದಕ್ಕೆ ಮರಳಿ ಮುಂದಿನ ಸಂಕೇತವನ್ನು ಕಲಕುತ್ತದೆ. ಇದನ್ನು ತಡೆಯಲು ಎರಡು ತುದಿಗಳಲ್ಲಿಯೂ 120 ಓಮುಗಳ ಒಂದೊಂದು ರೋಧಕವನ್ನು ಇಡುತ್ತಾರೆ.

ಇನ್ನು ದೋಷವನ್ನು ಹುಡುಕುವ ಕ್ರಮ. ಯಾವುದನ್ನೂ ಮುಟ್ಟುವ ಮೊದಲು ಇನ್ವರ್ಟರು ತೋರಿಸುವ ದೋಷಸಂಖ್ಯೆಯನ್ನು ಬರೆದಿಟ್ಟುಕೊಂಡು ಕೈಪಿಡಿಯಲ್ಲಿ ನೋಡಬೇಕು. ಬಳಿಕ ಬ್ಯಾಟರಿಯ ಮೇಲ್ವಿಚಾರಕ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಬೇಕು. ಅನೇಕ ಬ್ಯಾಟರಿಗಳಿಗೆ ತಮ್ಮದೇ ಆದ ಗುಂಡಿಯಿರುತ್ತದೆ. ಅದನ್ನು ಒತ್ತದಿದ್ದರೆ ಉತ್ತರಿಸುವವರೇ ಇರುವುದಿಲ್ಲ.

ಮುಂದೆ ಕೇಬಲ್ಲು. ಬಹಳ ಮಂದಿ ಎಡವುವುದು ಇಲ್ಲಿಯೇ. ಗಣಕಯಂತ್ರಗಳನ್ನು ಜೋಡಿಸುವ ಎಂಟು ತಂತಿಯ ಕೇಬಲ್ಲನ್ನೇ ಈ ಕೆಲಸಕ್ಕೂ ಬಳಸುತ್ತಾರೆ. ಬ್ಯಾಟರಿಯ ಮುಖದಲ್ಲಿ ಒಂದೇ ಆಕಾರದ ಮೂರು ನಾಲ್ಕು ಸಾಕೆಟ್ಟುಗಳಿರುತ್ತವೆ. ಒಂದು ಕ್ಯಾನ್, ಇನ್ನೊಂದು 'ಆರ್‌ಎಸ್-485' ಎಂಬ ಬೇರೆ ಪದ್ಧತಿ, ಮತ್ತೊಂದು ಬ್ಯಾಟರಿಗಳನ್ನು ತಮ್ಮತಮ್ಮೊಳಗೆ ಜೋಡಿಸಲು. ಬಿರಡೆ ಎಲ್ಲಕ್ಕೂ ಹಿಡಿಸುತ್ತದೆ, ಮಾತು ಮಾತ್ರ ಹಿಡಿಸುವುದಿಲ್ಲ. ಸಾಕೆಟ್ಟು ಸರಿಯಾಗಿದ್ದರೂ ಒಳಗಿನ ತಂತಿಗಳ ಸ್ಥಾನ ಬೇರೆಯಾಗಿರಬಹುದು. ಕೆಲವು ತಯಾರಕರು ಕ್ಯಾನ್ ಸಂಕೇತವನ್ನು 4 ಮತ್ತು 5ನೆಯ ಸ್ಥಾನಗಳಲ್ಲಿ ಇಟ್ಟರೆ, ಇನ್ನು ಕೆಲವರು 7 ಮತ್ತು 8ರಲ್ಲಿ ಇಡುತ್ತಾರೆ. ಇವೆರಡರ ನಡುವೆ ನೇರವಾದ ಕೇಬಲ್ಲನ್ನು ಹಾಕಿದರೆ ಒಬ್ಬರು ಮಾತನಾಡುವ ಕಡೆ ಇನ್ನೊಬ್ಬರ ಕಿವಿಯೇ ಇರುವುದಿಲ್ಲ. ಎರಡೂ ಕೈಪಿಡಿಗಳನ್ನು ಪಕ್ಕದಲ್ಲಿಟ್ಟುಕೊಂಡು, ತಕ್ಕ ಕೇಬಲ್ಲನ್ನೇ ತರಬೇಕು ಇಲ್ಲವೆ ಮಾಡಿಸಬೇಕು.

ಆನಂತರ ಅಳತೆ. ಮೊದಲು ಮನೆಯ ಉಪಕರಣಗಳನ್ನು, ಬಳಿಕ ಫಲಕಗಳ ಸ್ವಿಚ್ಚನ್ನು, ಕೊನೆಯಲ್ಲಿ ಬ್ಯಾಟರಿಯನ್ನು ಆರಿಸಬೇಕು. ಸಂದೇಶದ ಎರಡು ತಂತಿಗಳ ನಡುವಣ ರೋಧವನ್ನು ಮಲ್ಟಿಮೀಟರಿನಿಂದ ನೋಡಿದರೆ ಸುಮಾರು 60 ಓಮು ಬರಬೇಕು. 120 ಓಮುಗಳ ಎರಡು ರೋಧಕಗಳು ಸಮಾಂತರವಾಗಿದ್ದರೆ ಬರುವ ಬೆಲೆ ಇದು. 120 ಬಂದರೆ ಒಂದು ತುದಿಯ ರೋಧಕ ಇಲ್ಲ ಅಥವಾ ತಂತಿ ನಡುವೆ ತುಂಡಾಗಿದೆ. 40 ಬಂದರೆ ಮೂರನೆಯ ರೋಧಕವೊಂದು ಸೇರಿಕೊಂಡಿದೆ. ಸೊನ್ನೆಯ ಸಮೀಪ ಬಂದರೆ ತಂತಿಗಳು ಒಂದಕ್ಕೊಂದು ತಾಕಿವೆ. ಕೇಬಲ್ಲು ಮೋಟಾದಾಗಿದ್ದರೆ ಒಂದು ರೋಧಕವಿಲ್ಲದೆಯೂ ಕೆಲವು ಕಾಲ ಕೆಲಸ ನಡೆದು ಆಮೇಲೆ ಆಗಾಗ ತಪ್ಪುವುದುಂಟು. ಇಂಥ ಬಿಟ್ಟುಬಿಟ್ಟು ಬರುವ ದೋಷಗಳಲ್ಲಿ ಕೇಬಲ್ಲಿನ ದಾರಿಯನ್ನೂ ನೋಡಬೇಕು; ಬ್ಯಾಟರಿಯ ದಪ್ಪ ತಂತಿಗಳ ಪಕ್ಕದಲ್ಲಿಯೇ ಅದನ್ನು ಕಟ್ಟಿಕೊಂಡು ಹೋಗಬಾರದು.

ತಂತಿ ಸರಿಯಾಗಿದ್ದರೆ ಉಳಿಯುವುದು ಭಾಷೆ. ಇನ್ವರ್ಟರಿನಲ್ಲಿ ಬ್ಯಾಟರಿಯ ಬಗೆಯನ್ನು 'ಲಿಥಿಯಂ' ಎಂದು ಆರಿಸಿ, ತಯಾರಕರು ಹೇಳಿದ ಸಂದೇಶ ಪದ್ಧತಿಯನ್ನೂ ವೇಗವನ್ನೂ ಹೊಂದಿಸಬೇಕು. ಕ್ಯಾನ್ ಪದ್ಧತಿಯಲ್ಲಿ ಸೆಕೆಂಡಿಗೆ 5,00,000 ಅಂಕಗಳ ವೇಗ ಸಾಮಾನ್ಯ. ಹಲವು ಬ್ಯಾಟರಿಗಳಿದ್ದರೆ ಪುಟ್ಟ ಸ್ವಿಚ್ಚುಗಳಿಂದ ಒಂದೊಂದಕ್ಕೂ ಬೇರೆಬೇರೆ ವಿಳಾಸ ಕೊಟ್ಟು, ಒಂದನ್ನು ಮುಖ್ಯವೆಂದು ಗೊತ್ತುಮಾಡುವ ವ್ಯವಸ್ಥೆಯುಂಟು. ಎರಡಕ್ಕೆ ಒಂದೇ ವಿಳಾಸ ಬಿದ್ದರೆ ಇಬ್ಬರೂ ಒಟ್ಟಿಗೆ ಕೂಗಿ ಯಾರ ಮಾತೂ ತಿಳಿಯದಂತಾಗುತ್ತದೆ. ಸಂದೇಹ ಬಂದಾಗ ಮುಖ್ಯವಾದ ಒಂದೇ ಬ್ಯಾಟರಿಯನ್ನು ಇನ್ವರ್ಟರಿಗೆ ಜೋಡಿಸಿ ನೋಡಿ, ಮಾತು ಬಂದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸುವುದು ಜಾಣತನ. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಬೇಕು. ಇಲ್ಲವಾದರೆ ಗುಣವಾದರೂ ಕಾರಣ ತಿಳಿಯದು.

ಇಷ್ಟು ಶ್ರಮವೇಕೆ, ಸೀಸದ ಬ್ಯಾಟರಿಯೆಂದೇ ಇನ್ವರ್ಟರಿಗೆ ಹೇಳಿ ಕೆಲಸ ಸಾಗಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಸೀಸದ ಬ್ಯಾಟರಿಗೆ ಆಗಾಗ ಕೊಡುವ ಸಮೀಕರಣದ ತುಂಬಿಕೆಯಲ್ಲಿ ವೋಲ್ಟೇಜು 60ರ ಸಮೀಪಕ್ಕೆ ಏರಬಹುದು. 16 ಲಿಥಿಯಂ ಕೋಶಗಳ ಮೇರೆ 58.4. ಆಗ ಮೇಲ್ವಿಚಾರಕನು ಬ್ಯಾಟರಿಯನ್ನು ಥಟ್ಟನೆ ಕತ್ತರಿಸುತ್ತಾನೆ. ಈ ಕೊನೆಯ ಕಾವಲನ್ನು ದಿನವೂ ದುಡಿಸುವುದು ವಿವೇಕವಲ್ಲ. ತಯಾರಕರೇ ಅನುಮತಿಸಿದ ಮಿತಿಗಳನ್ನು ಹಾಕಿ ಕೆಲವು ದಿನ ನಡೆಸುವುದು ಬೇರೆ ಮಾತು.

ಕೊನೆಯದಾಗಿ ಒಂದು ಎಚ್ಚರಿಕೆ. 51 ವೋಲ್ಟು ಅಲ್ಪವೆಂದು ಕಾಣಬಹುದು. ಆದರೆ ಕೈಯ ಬಳೆಯೋ ಉಂಗುರವೋ ಸ್ಪ್ಯಾನರೋ ಎರಡು ಧ್ರುವಗಳನ್ನು ಕೂಡಿಸಿದರೆ ಸಾವಿರಾರು ಆಂಪಿಯರುಗಳು ಹರಿದು ಲೋಹವೇ ಕರಗುತ್ತದೆ. ಫಲಕಗಳ ಕಡೆಯ ವೋಲ್ಟೇಜು ನೂರಾರು ಇರುವುದರಿಂದ ಪ್ರಾಣಾಪಾಯವೂ ಉಂಟು. ಆ ಭಾಗವನ್ನು ಬಲ್ಲವರಿಗೇ ಬಿಡಬೇಕು. ಸಂದೇಶದ ಕೇಬಲ್ಲು, ಸಾಕೆಟ್ಟು, ವಿಳಾಸ, ಆಯ್ಕೆಗಳನ್ನು ನೋಡುವುದು ಮಾತ್ರ ತಾಳ್ಮೆಯಿದ್ದ ಯಾರಿಗಾದರೂ ಸಾಧ್ಯ. ಹೊಸ ಬ್ಯಾಟರಿಗೆ ಹಣ ತೆರುವ ಮೊದಲು ಈ ಕಿರುಕೇಬಲ್ಲಿನ ಎರಡು ತುದಿಗಳನ್ನೂ ಒಮ್ಮೆ ಸಾವಧಾನವಾಗಿ ಪರೀಕ್ಷಿಸುವುದು ಲೇಸು.