ಪುಣೆಯ ಗುಡ್ಡಕ್ಕೆ ಸೈಕಲ್ ಕೊಳ್ಳುವ ಹುಡುಗನಿಗೆ

ಫ್ರೀರೈಡೂ ಆಗಬೇಕು, ಡೌನ್‌ಹಿಲ್ಲೂ ಆಗಬೇಕು, ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರಬೇಕು, ಅಂಥ ಒಂದೇ ಸೈಕಲ್ ಹೇಳು ಕಾಕಾ ಅಂತ ಫೋನ್ ಮಾಡಿದ್ದಿ. ಕಂಪನಿ ಹೆಸರು ನಾನು ಹೇಳೋದಿಲ್ಲ, ಅದು ವರ್ಷಕ್ಕೊಮ್ಮೆ ಬದಲಾಗೋ ಮಾತು. ಅಂಗಡಿಗೆ ಹೋಗುವ ಮುಂಚೆ ಇಷ್ಟು ಓದಿಕೋ.

• ಮೊದಲು ಗುಡ್ಡ ನೋಡು, ಆಮೇಲೆ ಸೈಕಲ್. ಕೆನಡಾದ ವಿಸ್ಲರ್‌ನಲ್ಲಿ 1999ರಿಂದ ಬೈಕ್ ಪಾರ್ಕ್ ಇದೆ. ಅಲ್ಲಿ ಸೈಕಲ್ಲನ್ನು ಲಿಫ್ಟಿಗೆ ನೇತುಹಾಕಿ ಮೇಲೆ ಹೋಗುತ್ತಾರೆ, ಉರುಳಿಕೊಂಡು ಕೆಳಗೆ ಬರುತ್ತಾರೆ. ನಮ್ಮ ಪುಣೆಯಲ್ಲಿ ಲಿಫ್ಟ್ ಎಂದರೆ ನಿನ್ನ ಎರಡು ಕಾಲು. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ವೇತಾಳ ಟೇಕಡಿಯ ತುದಿ ಸುಮಾರು 800. ನಡುವಿನದ್ದನ್ನು ತುಳಿದೇ ಹತ್ತಬೇಕು. ಅಪ್ಪಟ ಡೌನ್‌ಹಿಲ್ ಸೈಕಲ್ಲಿಗೆ 200 ಮಿ.ಮೀ. ಟ್ರಾವೆಲ್ (ಗಾಲಿ ಮೇಲೆ ಕೆಳಗೆ ಆಡುವ ಅಳತೆ), ಹ್ಯಾಂಡಲ್ ತನಕ ಎದ್ದ ಡಬಲ್ ಕ್ರೌನ್ ಫೋರ್ಕ್, ತಗ್ಗಾದ ಸೀಟು, ಹಿಂದೆ ಏಳೇ ಗೇರು. ಅದನ್ನು ತಂದರೆ ಹತ್ತುವಾಗಲೆಲ್ಲ ನೂಕಿಕೊಂಡೇ ಹೋಗಬೇಕಾಗುತ್ತದೆ. ನೀನು ಕೇಳಬೇಕಾದದ್ದು 160ರಿಂದ 170 ಮಿ.ಮೀ. ಟ್ರಾವೆಲ್ ಇರುವ, ಅಂಗಡಿಯವರು ಎಂಡ್ಯೂರೊ ಅನ್ನುವ ಜಾತಿ. ಸೀಟನ್ನು ಕೂತಲ್ಲೇ ಏರಿಸಿ ಇಳಿಸುವ ಡ್ರಾಪರ್ ಪೋಸ್ಟ್ ಅದರಲ್ಲಿ ಇರಲೇಬೇಕು.

• ಡೌನ್‌ಹಿಲ್ ಗಡಿಯಾರದ ಆಟ. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗಿನಿಂದಲೂ ಅದು ಹಾಗೇ. ಫ್ರೀರೈಡಿಗೆ ಗಡಿಯಾರದ ಹಂಗಿಲ್ಲ. ಬ್ರಿಟಿಷ್ ಕೊಲಂಬಿಯಾದ ಕಾಡಿನಲ್ಲಿ ಬೆಳೆದು, 2001ರಲ್ಲಿ ಯೂಟಾದ ಮರುಭೂಮಿಯ ರ‍್ಯಾಂಪೇಜ್ ಸ್ಪರ್ಧೆಗೆ ಬಂದ ಆಟ ಅದು. ಅಲ್ಲಿ ಎಣಿಕೆಗೆ ಬರುವುದು ಯಾವ ದಾರಿ ಆರಿಸಿದೆ, ಎಲ್ಲಿಂದ ಹೇಗೆ ಹಾರಿದೆ ಅನ್ನುವುದು. ವೇಗಕ್ಕೆ ಉದ್ದನೆಯ ಸೈಕಲ್ ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿಯಲ್ಲಿ ತಿರುಗಿಸಲು ಗಿಡ್ಡನೆಯದೇ ಹಗುರ. ಎರಡು ಸೈಜಿನ ನಡುವೆ ಬಿದ್ದರೆ ನೀನು ಚಿಕ್ಕದನ್ನೇ ತಗೋ. ಹೆಡ್ ಆಂಗಲ್, ಅಂದರೆ ಮುಂದಿನ ಫೋರ್ಕಿನ ಓರೆ, 63ರಿಂದ 64 ಡಿಗ್ರಿಯ ಸುತ್ತ ಇದ್ದರೆ ಎರಡಕ್ಕೂ ನಡೆಯುತ್ತದೆ.

• ಫ್ರೇಮಿನ ಮೇಲೆ, ಇಲ್ಲವೇ ಜೊತೆಗೆ ಕೊಡುವ ಪುಸ್ತಕದಲ್ಲಿ, ಬಳಕೆಯ ವರ್ಗ ಅಂತ ಒಂದು ಅಂಕಿ ಇರುತ್ತದೆ. ಜನ ಬಣ್ಣ ನೋಡುತ್ತಾರೆ, ಇದನ್ನು ನೋಡುವುದಿಲ್ಲ. 3 ಇದ್ದರೆ ಸುಮಾರು 61 ಸೆಂ.ಮೀ. ಎತ್ತರದ ಜಿಗಿತದ ತನಕ, 4 ಇದ್ದರೆ 122 ಸೆಂ.ಮೀ. ತನಕ. ಫ್ರೀರೈಡ್, ಡೌನ್‌ಹಿಲ್ಲಿಗೆಂದೇ ಇರುವುದು 5. ನಿನ್ನ ಆಸೆಗೆ 5 ಬೇಕು. 4ರ ಫ್ರೇಮನ್ನು ಆಳೆತ್ತರದಿಂದ ಹಾರಿಸಿ ಮುರಿದುಕೊಂಡು ಹೋದರೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ.

• ಮುಂದಿನ ಫೋರ್ಕಿನ ಕಾಲು 38 ಮಿ.ಮೀ. ದಪ್ಪದ್ದಾಗಿರಲಿ. ಫಾಕ್ಸ್ 38, ರಾಕ್‌ಶಾಕ್ಸ್ ಝೆಬ್ ಈ ವರ್ಗದವು. ಮುಂದೆ ಎಂದಾದರೂ ಡಬಲ್ ಕ್ರೌನ್ ಹಾಕಿಸುವ ಮನಸ್ಸಿದ್ದರೆ ಫ್ರೇಮ್ ಅದನ್ನು ಒಪ್ಪುತ್ತದೆಯೇ ಅಂತ ಈಗಲೇ ಕೇಳಿ ಬರೆಸಿಕೋ. ಕೆಲವು ಕಂಪನಿ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ.

• ಹಿಂದಿನ ಶಾಕ್ ಗಾಳಿಯದೋ ಸ್ಪ್ರಿಂಗಿನದೋ ಅನ್ನುವ ಜಗಳಕ್ಕೆ ಕೊನೆಯಿಲ್ಲ. ಸ್ಪ್ರಿಂಗು ಉದ್ದನೆಯ ಇಳಿಜಾರಿನಲ್ಲಿ ಕಾದರೂ ಒಂದೇ ಹದದಲ್ಲಿರುತ್ತದೆ, ಆದರೆ ಒಬ್ಬರ ತೂಕಕ್ಕೆ ಒಂದು ಸ್ಪ್ರಿಂಗು. ಹಾಸ್ಟೆಲ್ ಊಟದಿಂದ ಅಮ್ಮನ ಊಟಕ್ಕೆ ಹೋಗಿಬರುವ ನಿನಗೆ ಗಾಳಿಯದೇ ಅನುಕೂಲ, ಪಂಪಿನಿಂದ ಹದ ಮಾಡಿಕೊಳ್ಳಬಹುದು. ಅಂಗಡಿಯಲ್ಲೇ ಹೀಗೆ ಮಾಡು. ಹೆಲ್ಮೆಟ್, ಬೆನ್ನಿನ ಚೀಲ, ನೀರು ಎಲ್ಲ ಹಾಕಿಕೊಂಡು ಗೋಡೆ ಹಿಡಿದು ಪೆಡಲ್ ಮೇಲೆ ನಿಲ್ಲು. ಶಾಕ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿನ ತನಕ ಸರಿಸು, ಮೆಲ್ಲಗೆ ಇಳಿ, ಉಂಗುರ ಎಷ್ಟು ಜರುಗಿದೆ ಅಂತ ಸ್ಕೇಲಿನಿಂದ ಅಳೆ. ಶಾಕಿನ ಓಟ, ಅಂದರೆ ಅದು ಪೂರ್ತಿ ಕುಸಿಯುವ ಉದ್ದ, 65 ಮಿ.ಮೀ. ಆದರೆ ಅದರ ಶೇ 30, ಅಂದರೆ 19–20 ಮಿ.ಮೀ. ಕುಸಿದಿರಬೇಕು. ಕಡಿಮೆಯಾದರೆ ಗಾಳಿ ಇಳಿಸು, ಹೆಚ್ಚಾದರೆ ಹಾಕು. ಇದನ್ನು ಮಾಡಿ ತೋರಿಸಲು ಬೇಸರ ಪಡುವ ಅಂಗಡಿಯಲ್ಲಿ ಲಕ್ಷಗಟ್ಟಲೆ ಸುರಿಯಬೇಡ.

• ಬ್ರೇಕಿನಲ್ಲಿ ಕಂಜೂಸಿ ಬೇಡ. ನಾಲ್ಕು ಪಿಸ್ಟನ್, ಎರಡೂ ಕಡೆ 200 ಮಿ.ಮೀ. ರೋಟರ್. ಸಿಂಹಗಡದ ತುದಿ 1,300 ಮೀಟರ್ ದಾಟುತ್ತದೆ; ಅಲ್ಲಿಂದ ಘಾಟ್ ರಸ್ತೆಯಲ್ಲೇ ಇಳಿದು ಬಂದರೂ ಸಣ್ಣ ರೋಟರ್ ಕಾದು ಲಿವರ್ ಮೆತ್ತಗಾಗುತ್ತದೆ. ಒಳಗಿನ ಎಣ್ಣೆ ಮಿನರಲ್ಲೋ ಡಾಟೋ ಅಂತ ಲಿವರಿನ ಮುಚ್ಚಳದ ಮೇಲೆ ಬರೆದಿರುತ್ತದೆ. ಒಂದರಲ್ಲಿ ಇನ್ನೊಂದು ಹಾಕಿದರೆ ಸೀಲುಗಳು ಊದಿ ಬ್ರೇಕ್ ಕೆಡುತ್ತದೆ. ಬೀದಿಬದಿಯ ಗ್ಯಾರೇಜಿನಲ್ಲಿ ಬೈಕಿನ ಬ್ರೇಕ್ ಆಯಿಲನ್ನು ಕಣ್ಣು ಮುಚ್ಚಿ ಸುರಿಸಬೇಡ.

• ಇಲ್ಲಿನ ಗುಡ್ಡಗಳು ಕರಿಕಲ್ಲು, ಮೇಲೆ ಸಡಿಲ ಗರಸು. ಬೇಸಿಗೆಯಲ್ಲಿ ಅದರ ಮೇಲೆ ಗಾಲಿ ನಿಲ್ಲುವುದು ಜೋಳ ಚೆಲ್ಲಿದ ಬಂಡೆ ಮೇಲೆ ನಡೆದ ಹಾಗೆ. 2.4 ಇಂಚಿಗಿಂತ ಅಗಲದ, ಅಂಚಿನಲ್ಲಿ ದಪ್ಪ ಗುಬುಟು ಇರುವ ಟೈರ್ ಬೇಕು. ಹಿಂದಿನದಂತೂ ಡೌನ್‌ಹಿಲ್ ಗೋಡೆಯದೇ ಆಗಲಿ, ಭಾರವಾದರೂ ಚಿಂತೆಯಿಲ್ಲ. ಜಾಲಿ ಮುಳ್ಳು ಎಲ್ಲೆಲ್ಲೂ ಬಿದ್ದಿರುತ್ತದೆ. ಟ್ಯೂಬ್‌ಲೆಸ್ ಮಾಡಿಸಿ ಸೀಲಂಟ್ ಹಾಕಿಸು. ಏಪ್ರಿಲ್–ಮೇ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಆಗಾಗ ತೆಗೆದು ನೋಡು. ಮಳೆಗಾಲದಲ್ಲಿ ಕೆಳಗಿನ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ ನಿಂತೇಬಿಡುತ್ತದೆ. ಆ ದಿನ ಮನೆಯಲ್ಲಿರು, ದಾರಿಯೂ ಉಳಿಯುತ್ತದೆ.

• ಗಾಲಿ 29 ಇಂಚೋ 27.5 ಇಂಚೋ ಅಂತ ತಲೆ ಕೆಡಿಸಿಕೊಳ್ಳಬೇಡ. ಮುಂದೆ 29, ಹಿಂದೆ 27.5 ಇದ್ದರೆ ನಿನ್ನ ಕೆಲಸಕ್ಕೆ ಸಾಕು.

• ಹದಿನೈದು ಸಾವಿರಕ್ಕೆ ಡಬಲ್ ಶಾಕ್ ಸೈಕಲ್ ಅಂತ ಮಾರುತ್ತಾರಲ್ಲ, ಅದರ ಹತ್ತಿರ ಸುಳಿಯಬೇಡ. ಅಪ್ಪ ಅಷ್ಟು ದುಡ್ಡು ಬಿಚ್ಚದಿದ್ದರೆ ಮುಂದೆ ಮಾತ್ರ ಶಾಕ್ ಇರುವ ಒಳ್ಳೆಯ ಹಾರ್ಡ್‌ಟೇಲ್ ತಗೊಂಡು ಕಲಿ. ಪ್ರವೀಣ್ ಪ್ರಭಾಕರನ್ ಮತ್ತು ಫ್ರೀರೈಡರ್ ವಿನಯ್ ಮೆನನ್ ಕಟ್ಟಿದ ಸೈನೈಡ್ ಬೈಕ್ಸ್ ಈ ಪುಣೆಯದೇ. ಅವರು ರೂಪಿಸಿದ ಫ್ಯೂರಾನ್ ಕೂಡ ಹಾರ್ಡ್‌ಟೇಲೇ. ಹಿಂದಿನ ಶಾಕ್ ಮಾಡುವ ಕೆಲಸವನ್ನು ಮೊಣಕಾಲು ಮಾಡಲು ಕಲಿತರೆ ಆಮೇಲೆ ಯಾವ ಸೈಕಲ್ಲೂ ಒಗ್ಗುತ್ತದೆ.

• ಬೆಲೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಹಳೇ ದರದಲ್ಲಿ ಬಿಲ್ ಮಾಡಿಸಿಕೊಳ್ಳಬೇಡ. ಆದರೆ ಈ ಜಾತಿಯ ಸೈಕಲ್ ಹೆಚ್ಚಾಗಿ ಹೊರಗಿನಿಂದ ಬರುವಂಥದ್ದು, 2023ರ ಬಜೆಟ್ಟಿನಲ್ಲಿ ಅದರ ಆಮದು ಸುಂಕ ಶೇ 30ರಿಂದ 35ಕ್ಕೆ ಏರಿತ್ತು. ಹಾಗಾಗಿ ಬಹಳ ಜನ ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ, ತಪ್ಪೇನಿಲ್ಲ. ಸೀಟು ಹಿಡಿದು ಮೆಲ್ಲಗೆ ಎತ್ತು. ಹಿಂದಿನ ಗಾಲಿ ನೆಲ ಬಿಡುವ ಮೊದಲು ಟಕ್ ಅಂದರೆ ಬೇರಿಂಗ್ ಸವೆದಿದೆ. ಫೋರ್ಕಿನ ಹೊಳೆಯುವ ಕಾಲಿನ ಮೇಲೆ ಉಗುರು ಆಡಿಸು. ಉಗುರಿಗೆ ಸಿಕ್ಕುವ ಗೀರು ಇದ್ದರೆ ಎಣ್ಣೆ ಸೋರುತ್ತದೆ. ಸೈಕಲ್ಲನ್ನು ತಲೆಕೆಳಗೆ ಮಾಡಿ ಪೆಡಲ್ ಸುತ್ತ, ವೆಲ್ಡಿಂಗ್ ಸುತ್ತ ಟಾರ್ಚ್ ಹಿಡಿ. ಕೂದಲೆಳೆ ಬಿರುಕು ಕಂಡರೂ ಸಾಕು, ಚೌಕಾಸಿ ಮಾಡದೆ ಎದ್ದು ಬಾ.

• ಫೋರ್ಕಿನ ಕೆಳಗಾಲು ಬಿಚ್ಚಿ ಎಣ್ಣೆ ಬದಲಿಸುವುದು ರಾಕ್‌ಶಾಕ್ಸ್‌ಗೆ 50 ಗಂಟೆಗೊಮ್ಮೆ. ಪುಣೆಯ ಧೂಳಿಗೆ ಅದನ್ನೂ ಮುಂದೂಡಬೇಡ. ಸೀಲ್ ಕಿಟ್ಟು, ಬೇರಿಂಗು, ಗೇರ್ ಹ್ಯಾಂಗರ್ ಊರಲ್ಲೇ ಸಿಗುತ್ತವೆಯೇ ಅಂತ ಕೊಳ್ಳುವ ಮುಂಚೆ ಕೇಳು. ಕಾರು ತೊಳೆಯುವ ಪೈಪಿನ ರಭಸಕ್ಕೆ ಬೇರಿಂಗ್ ಒಡ್ಡಬೇಡ.

• ಮುಖ ಮುಚ್ಚುವ ಹೆಲ್ಮೆಟ್, ಮೊಣಕಾಲು–ಮೊಣಕೈ ಪ್ಯಾಡು: ಇದರ ದುಡ್ಡನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಸೈಕಲ್ ನೋಡು.

• ಬೆಳಗ್ಗೆ ಟೇಕಡಿಯ ಮೇಲೆ ಕೋಲು ಹಿಡಿದ ಹಿರಿಯರು ಓಡಾಡುತ್ತಾರೆ, ನಮ್ಮ ಕನ್ನಡ ಸಂಘದವರೂ ಇರುತ್ತಾರೆ. ಅವರನ್ನು ಕಂಡಲ್ಲಿ ಬ್ರೇಕ್ ಹಿಡಿದು, ‘ಕಾಕಾ, ಸ್ವಲ್ಪ ದಾರಿ’ ಅನ್ನು. ಅರಣ್ಯ ಇಲಾಖೆಯ ನೆಲದಲ್ಲಿ ಸಲಿಕೆ ಹಿಡಿದು ಜಂಪ್ ಕಟ್ಟಲು ಹೋಗಬೇಡ, ಗಾರ್ಡ್ ಸುಮ್ಮನಿರುವುದಿಲ್ಲ.

• ಬಿಲ್ಲಿನಲ್ಲಿ ಫ್ರೇಮ್ ನಂಬರ್ ಬರೆಸು, ಪೆಡಲ್ಲಿನ ಬುಡದಲ್ಲಿ ಕೊರೆದಿರುತ್ತದೆ, ಎರಡೂ ತಾಳೆ ನೋಡು. ಫೋಟೋ ತೆಗೆದು ನನಗೊಂದು ಕಳಿಸು. ಕಳುವಾದ ದಿನ ಪೊಲೀಸರು ಮೊದಲು ಕೇಳುವುದು ಅದನ್ನೇ.