ಹಸುವಿಗೆ ಅಳತೆ ಇದೆ, ನಮಗೂ ಇರಲಿ



ಹತ್ತು ಲೀಟರ್ ಕರೆಯುವ ಹಸುವಿಗೆ ಏನೇನು ಹಾಕಬೇಕು ಎಂದು ಕೇಳಿದರೆ ನೀವು ತಡವರಿಸುವುದಿಲ್ಲ. ಮೈ ಪೋಷಣೆಗೆ ಇಷ್ಟು, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಪಶು ಆಹಾರ, ಹಸಿ ಮೇವು, ಒಣ ಮೇವು, ಖನಿಜ ಮಿಶ್ರಣ. ಅದೇ ಕೊಟ್ಟಿಗೆಯಿಂದ ಅಡುಗೆಮನೆಗೆ ಬಂದು "ನನ್ನ ತಟ್ಟೆಗೆ ಎಷ್ಟು?" ಎಂದು ಕೇಳಿಕೊಂಡರೆ, ಬಹಳ ಮನೆಗಳಲ್ಲಿ ಉತ್ತರ ಒಂದೇ: ಉಳಿದಷ್ಟು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ದುಡ್ಡು ಕಡಿಮೆ ಇದ್ದಾಗಲೂ ಇದನ್ನು ಸರಿಪಡಿಸಲು ಏನು ಮಾಡಬಹುದು? ಬುಕ್ಕಾಂಬುಧಿ ಸೀಮೆಯ ನಮ್ಮ ಹೊಲ, ಹಿತ್ತಲು, ಕೊಟ್ಟಿಗೆಯಿಂದಲೇ ಶುರು ಮಾಡೋಣ.

1. ಮನೆಯ ಹಾಲು ಮೊದಲು ಎತ್ತಿಡಿ

ಡೈರಿಗೆ ಹಾಕಿ ಉಳಿದರೆ ಮನೆಗೆ ಎನ್ನಬೇಡಿ. ಐದು ಜನರ ಮನೆಗೆ ದಿನಕ್ಕೆ ಒಂದು ಲೀಟರ್ ಎತ್ತಿಟ್ಟರೆ ತಲೆಗೆ 200 ಮಿಲಿ ಆಯಿತು. ಅದು ಪೂರಾ ಟೀ ಪಾತ್ರೆಗೆ ಹೋಗದಿರಲಿ. ಮಕ್ಕಳಿಗೆ ಲೋಟದಲ್ಲಿ, ದೊಡ್ಡವರಿಗೆ ಮೊಸರು, ಮಜ್ಜಿಗೆಯಾಗಿ ಸಿಗಲಿ. ಮಾಂಸ, ಮೊಟ್ಟೆ ತಿನ್ನದ ಮನೆಯಲ್ಲಿ ಬಿ12 ಜೀವಸತ್ವಕ್ಕೆ ಮುಖ್ಯ ದಾರಿ ಹಾಲು, ಮೊಸರೇ. ಆದರೆ ಆರು ತಿಂಗಳವರೆಗೆ ಕೂಸಿಗೆ ತಾಯಿಹಾಲು ಮಾತ್ರ. ವರ್ಷ ತುಂಬುವವರೆಗೆ ಹಸುವಿನ ಹಾಲನ್ನು ತಾಯಿಹಾಲಿನ ಬದಲು ಕುಡಿಸಬಾರದು.

2. ರಾಗಿ, ಹುರುಳಿ ಬಿಡಬೇಡಿ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು ಅಷ್ಟೆ. ಪಡಿತರ ಅಕ್ಕಿ ಸಿಗುತ್ತದೆಂದು ಮೂರು ಹೊತ್ತೂ ಅನ್ನ ಮಾಡದೆ, ಒಂದು ಹೊತ್ತು ಮುದ್ದೆಯೋ ರೊಟ್ಟಿಯೋ ಇರಲಿ. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಪಾಲು ಪ್ರೋಟೀನ್. ದನಕ್ಕೆ ಬೇಯಿಸಿ ಹಾಕುವ ಕಾಳು ನಮಗೂ ಬಲವೇ. ಸಾರು ತಿಳಿಯಾಗಿ ಬಸಿದುಕೊಂಡು ಕಾಳನ್ನು ಪಕ್ಕಕ್ಕಿಡಬೇಡಿ, ಪಲ್ಯ ಮಾಡಿ ತಿನ್ನಿ. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು.

3. ರಕ್ತಕ್ಕೆ ಹಾಲೊಂದೇ ಸಾಲದು

ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಅದಕ್ಕೆ ಕಾಳು, ಸೊಪ್ಪು ಬೇಕೇ ಬೇಕು. ಹಿತ್ತಲ ನುಗ್ಗೆ, ದಂಟು, ಹೊನಗೊನೆ ಸೊಪ್ಪಿಗೆ ದುಡ್ಡು ಬೇಕಿಲ್ಲ. ಆದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಹಣ್ಣಿನ ಸಹಾಯ ಬೇಕು. ಪಲ್ಯಕ್ಕೆ ನಿಂಬೆ ಹಿಂಡಿ, ಊಟದ ಜೊತೆ ನೆಲ್ಲಿಕಾಯಿಯೋ ಸೀಬೆಹಣ್ಣೋ ಇರಲಿ. ಊಟದ ಜೊತೆ ಟೀ ಕುಡಿದರೆ ಆ ಕಬ್ಬಿಣ ಮೈಗೆ ಸೇರುವುದು ಕಡಿಮೆಯಾಗುತ್ತದೆ. ಟೀ ಒಂದು ಗಂಟೆ ತಡವಾಗಲಿ. ಕಬ್ಬಿಣದ ಮಾತ್ರೆಯನ್ನೂ ಹಾಲು, ಟೀ ಜೊತೆ ನುಂಗಬೇಡಿ.

4. ಬಟವಾಡೆ ದಿನ ಚೀಟಿ ಬರೆಯಿರಿ

ಹಾಲಿನ ಹಣ ಬಂದ ದಿನ ಮೊದಲು ಬರೆಯಬೇಕಾದ್ದು ಕಾಳು, ಬೇಳೆ, ಶೇಂಗಾ, ಬೆಲ್ಲ, ಎಣ್ಣೆ. ತಿನ್ನುವವರಿದ್ದರೆ ಮೊಟ್ಟೆ. ಬಿಸ್ಕತ್ತು, ಕುರುಕಲು ಕೊನೆಗೆ. ದಿನಕ್ಕೊಂದು ಹತ್ತು ರೂಪಾಯಿಯ ಪೊಟ್ಟಣವೆಂದರೆ ತಿಂಗಳಿಗೆ 300 ರೂಪಾಯಿ. ಶಾಲೆ ಬಿಟ್ಟು ಬಂದ ಮಗುವಿಗೆ ಹುರಿದ ಶೇಂಗಾ, ಒಂದು ಚೂರು ಬೆಲ್ಲ ಕೊಟ್ಟು ನೋಡಿ. ಹೊಟ್ಟೆಯೂ ತುಂಬುತ್ತದೆ, ದುಡ್ಡೂ ಉಳಿಯುತ್ತದೆ.

5. ಬಡಿಸುವ ಮೊದಲು ನಿಮ್ಮ ಪಾಲು ತೆಗೆದಿಡಿ

ಎಲ್ಲರಿಗೂ ಬಡಿಸಿ ಕೊನೆಗೆ ಕೂತರೆ ಪಾತ್ರೆಯಲ್ಲಿ ತಿಳಿಸಾರು ಮಾತ್ರ ಇರುತ್ತದೆ, ಕಾಳು ಇರುವುದಿಲ್ಲ. ಬಸುರಿ, ಬಾಣಂತಿ, ದೊಡ್ಡವಳಾಗುತ್ತಿರುವ ಮಗಳ ತಟ್ಟೆಗೂ ಹೀಗೇ ಆಗುತ್ತದೆ. ಒಲೆಯಿಂದ ಇಳಿಸಿದ ಕೂಡಲೇ ಅವರ ಪಾಲಿನ ಕಾಳು, ಸೊಪ್ಪು, ಒಂದು ಲೋಟ ಮಜ್ಜಿಗೆ ಬೇರೆ ಇಡಿ. ಇದು ಸ್ವಾರ್ಥವಲ್ಲ. ಮೇವು ಕಡಿಮೆಯಾದರೆ ಹಸು ಮೊದಲು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ, ಆಮೇಲೆ ಸೋಲುತ್ತದೆ. ನಮ್ಮ ಮೈಯೂ ಹಾಗೆಯೇ.

ಈ ವಾರ ಮಾಡಿ ನೋಡಿ: ಸಂಜೆ ಹಾಲು ಕರೆದ ಮೇಲೆ, ಡೈರಿಗೆ ಹೊರಡುವ ಮುನ್ನ, ಮನೆಯ ಚೊಂಬು ತುಂಬಿಸಿ. ಸುಸ್ತು, ತಲೆಸುತ್ತು, ಏದುಸಿರು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಸು ಮೇವು ಬಿಟ್ಟರೆ ಅದೇ ದಿನ ವೈದ್ಯರನ್ನು ಕರೆಸುವ ನಾವು, ನಮ್ಮ ವಿಷಯಕ್ಕೆ ನಾಳೆ ಎನ್ನುವುದು ಬೇಡ.